ರೂಟ್ ಕೆನಾಲ್ ಆದ ಹಲ್ಲಿನಲ್ಲಿ ಮತ್ತೆ ಕೀವು ಯಾಕೆ?

ಪ್ರಶ್ನೆ (ಶಿರಾದಿಂದ): ಸಾರ್, ನಮ್ಮ ಅಮ್ಮನಿಗೆ 54 ವರ್ಷ. ಮೇಲಿನ ಬಲಗಡೆ ಮೊದಲನೇ ದವಡೆ ಹಲ್ಲಿಗೆ ಎರಡು ವರ್ಷದ ಹಿಂದೆ ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದ್ದರು. ನೋವಿಲ್ಲ. ಆದರೆ ಅದರ ಮೇಲಿನ ಒಸಡಿನಲ್ಲಿ ಚಿಕ್ಕ ಗುಳ್ಳೆ ಎದ್ದು, ಕೀವು ಸೋರಿ, ತಾನೇ ಇಳಿದುಹೋಗುತ್ತೆ. ಐದು ದಿನ ಆ್ಯಂಟಿಬಯೋಟಿಕ್ ತಗೊಂಡ್ರೆ ಇಲ್ಲ, ತಿಂಗಳು ಬಿಟ್ಟು ಮತ್ತೆ ಅದೇ. ಒಬ್ಬ ಡಾಕ್ಟ್ರು ‘ಒಂದು ಕೆನಾಲ್ ಬಿಟ್ಟುಹೋಗಿದೆ’ ಅಂದ್ರು, ಇನ್ನೊಬ್ರು ‘ಕೀಳಿಸಿಬಿಡಿ’ ಅಂತಾರೆ. ನರ ತೆಗೆದಾಗಿದೆ, ಮತ್ತೆ ಕೀವು ಎಲ್ಲಿಂದ ಬರುತ್ತೆ?

ಉತ್ತರ (ಬೇರು ಚಿಕಿತ್ಸಾ ತಜ್ಞರು, ತುಮಕೂರು): ಕೀವು ನರದಿಂದ ಬರುವುದಲ್ಲ, ಬ್ಯಾಕ್ಟೀರಿಯಾದಿಂದ. 1965ರಲ್ಲಿ ಸಂಶೋಧಕ ಕಾಕೆಹಾಶಿ ಮತ್ತು ಸಂಗಡಿಗರು ರೋಗಾಣುಗಳೇ ಇಲ್ಲದ ವಾತಾವರಣದಲ್ಲಿ ಬೆಳೆಸಿದ ಇಲಿಗಳ ಹಲ್ಲು ಕೊರೆದು, ಒಳಗಿನ ತಿರುಳನ್ನು ತೆರೆದೇ ಬಿಟ್ಟರು. ಆಹಾರ ಹೋಗಿ ಸಿಕ್ಕಿಕೊಂಡರೂ ಆ ಹಲ್ಲುಗಳಲ್ಲಿ ಕೀವು ಕಟ್ಟಲಿಲ್ಲ. ಸಾಮಾನ್ಯ ಇಲಿಗಳ ಹಲ್ಲಿನಲ್ಲಿ ತಿರುಳು ಸತ್ತು ಕೀವಾಯಿತು. ಆದ್ದರಿಂದ ನಿಮ್ಮ ತಾಯಿಯ ವಿಷಯದಲ್ಲಿ ಕೇಳಬೇಕಾದ್ದು ಒಂದೇ: ಬ್ಯಾಕ್ಟೀರಿಯಾ ಒಳಗೆ ಉಳಿದುಕೊಂಡಿತೋ, ಆಮೇಲೆ ಕ್ಯಾಪ್ ಕಡೆಯಿಂದ ಒಳಗೆ ಇಳಿಯಿತೋ? ಇದು ಗೊತ್ತಾಗುವ ಮೊದಲು ಕೀಳಿಸುವ ಮಾತು ಬೇಡ.

ಕೆನಾಲ್ ಅಂದರೆ ಬೇರಿನೊಳಗಿನ ನೇರ ಕೊಳವೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕೆರೆ ತೂಬಿನಿಂದ ಹೊರಟ ಕಾಲುವೆ ಗದ್ದೆ ಬಯಲಲ್ಲಿ ಕವಲೊಡೆದು, ಮುಂದೆ ಕೆಲವು ಕವಲು ಮತ್ತೆ ಕೂಡುವ ಹಾಗೆ ಇದು. ಸ್ವಿಟ್ಜರ್ಲೆಂಡಿನ ವಾಲ್ಟರ್ ಹೆಸ್ ಕಿತ್ತ ಹಲ್ಲುಗಳೊಳಗೆ ರಬ್ಬರ್ ತುಂಬಿ, ಗಟ್ಟಿ ಮಾಡಿ, ಸುತ್ತಲಿನ ಹಲ್ಲನ್ನು ಕರಗಿಸಿ ಈ ಆಕಾರವನ್ನು ತೋರಿಸಿದರು. ಆ ಕೆಲಸ ಇಂಗ್ಲಿಷಿನಲ್ಲಿ 1925ರಲ್ಲಿ ಬಂತು. ಸಂಶೋಧಕ ವರ್ಟುಚಿ 1984ರಲ್ಲಿ 2400 ಹಲ್ಲುಗಳನ್ನು ಪಾರದರ್ಶಕ ಮಾಡಿ, ಬಣ್ಣ ಹಾಯಿಸಿ, ಒಂದೇ ಬೇರಿನೊಳಗೆ ಕಾಲುವೆ ಹರಿಯುವ ಎಂಟು ಬಗೆಗಳನ್ನು ಗುರುತಿಸಿದರು. ಪಕ್ಕಗವಲುಗಳು ಹೆಚ್ಚಾಗಿರುವುದು ಬೇರಿನ ತುದಿಯ 3 ಮಿ.ಮೀ. ಒಳಗೆ. ಅಲ್ಲಿಗೆ ಫೈಲ್ (ಕೆನಾಲ್ ಕೆರೆಯುವ ಸೂಜಿಯಂಥ ಉಪಕರಣ) ಹೋಗುವುದಿಲ್ಲ, ಔಷಧದ ನೀರು ಮಾತ್ರ ಹೋಗಬಲ್ಲದು.

ಮೇಲಿನ ಮೊದಲನೇ ದವಡೆ ಹಲ್ಲಿಗೆ ಮೂರು ಬೇರು: ಕೆನ್ನೆಯ ಕಡೆ ಎರಡು, ಅಂಗುಳಿನ ಕಡೆ ಒಂದು. ಮೂರು ಬೇರಿಗೆ ಮೂರು ಕೆನಾಲ್ ಎಂದು ಲೆಕ್ಕ ಹಾಕಿದಲ್ಲೇ ತಪ್ಪಾಗುವುದು. ಕೆನ್ನೆಯ ಕಡೆಯ ಮುಂದಿನ ಬೇರು ಚಪ್ಪಟೆ. ಹೆಚ್ಚಿನವರಲ್ಲಿ ಅದರೊಳಗೆ ಎರಡನೆಯ ಕೆನಾಲ್ ಇರುತ್ತದೆ. ಆ ಬೇರಿನ ಮೊದಲನೆಯದನ್ನು ನಾವು ‘ಎಂಬಿ ಒನ್’, ಈ ಎರಡನೆಯದನ್ನು ‘ಎಂಬಿ ಟು’ ಅನ್ನುತ್ತೇವೆ. ಎರಡೂ ಒಂದರ ಹಿಂದೊಂದು ನಿಂತಿರುವುದರಿಂದ ನೇರವಾಗಿ ತೆಗೆದ ಎಕ್ಸ್‌ರೇಯಲ್ಲಿ ಒಂದೇ ಗೆರೆಯಾಗಿ ಕಾಣುತ್ತವೆ. ‘ಬಿಟ್ಟುಹೋಗಿದೆ’ ಅಂದಿದ್ದು ಬಹುಶಃ ಇದನ್ನೇ.

ಆ್ಯಂಟಿಬಯೋಟಿಕ್ ರಕ್ತದಲ್ಲಿ ಹೋಗುವ ಔಷಧ. ಸತ್ತ ಹಲ್ಲಿನ ಕೆನಾಲ್‌ಗೆ ರಕ್ತವೇ ಹೋಗುವುದಿಲ್ಲ. ಹೊರಗಿನ ಮೂಳೆಯಲ್ಲಿ ಕೀವು ಇಳಿಯುತ್ತದೆ, ಮೂಲ ಅಲ್ಲೇ ಇರುತ್ತದೆ. ಮುಖ ಊದಿ ಜ್ವರ ಬಂದರೆ ಅದು ಬೇಕು. ಬರೀ ಗುಳ್ಳೆಗೆ ಮತ್ತೆ ಮತ್ತೆ ನುಂಗಿಸುವುದು ದಯವಿಟ್ಟು ನಿಲ್ಲಿಸಿ.

ಮೊದಲು ಮಾಡಿಸಬೇಕಾದ ಪರೀಕ್ಷೆ ಸುಲಭದ್ದು. ಗುಳ್ಳೆಯ ಬಾಯೊಳಗೆ 25ನೇ ನಂಬರಿನ ಗಟ್ಟಾಪರ್ಚಾ (ಕೆನಾಲ್ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿಯನ್ನು ಮೆಲ್ಲಗೆ ತಳ್ಳಿ ಎಕ್ಸ್‌ರೇ ತೆಗೆದರೆ, ಕೀವು ಯಾವ ಬೇರಿನಿಂದ ಬರುತ್ತಿದೆ ಎಂದು ಕಡ್ಡಿಯ ತುದಿಯೇ ತೋರಿಸುತ್ತದೆ. ಎಷ್ಟೋ ಸಲ ಅದು ಪಕ್ಕದ ಹಲ್ಲನ್ನು ತೋರಿಸುವುದೂ ಉಂಟು! ಇನ್ನೊಂದು ಎಕ್ಸ್‌ರೇ ಸುಮಾರು 20 ಡಿಗ್ರಿ ಓರೆಯಾಗಿ. ಅದರಲ್ಲಿ ತುಂಬಿದ ಬಿಳಿ ಗೆರೆ ಬೇರಿನ ನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿದ್ದರೆ, ಮತ್ತೊಂದು ಪಕ್ಕದಲ್ಲಿ ಮುಟ್ಟದ ಕೆನಾಲ್ ಇದೆ ಎಂದು ಅನುಮಾನಿಸಬೇಕು. ಆಗಲೂ ಸಂದೇಹ ಉಳಿದರೆ ಆ ಭಾಗಕ್ಕಷ್ಟೇ ಕೋನ್ ಬೀಮ್ ಸಿಟಿ, ಅಂದರೆ ಮೂರು ಆಯಾಮದ ಎಕ್ಸ್‌ರೇ.

ಇನ್ನೊಬ್ಬ ದಂತವೈದ್ಯರು (ಗುಬ್ಬಿ): ಒಂದು ಮಾತು ಸೇರಿಸುತ್ತೇನೆ. ಮರುಚಿಕಿತ್ಸೆಗೆ ಒಪ್ಪುವ ಮುಂಚೆ ಬೇರು ಸೀಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಲ್ಲು ಮತ್ತು ಒಸಡಿನ ಸಂದಿಯಲ್ಲಿ ಸುತ್ತಲೂ ಪ್ರೋಬ್ (ಅಳತೆ ಕಡ್ಡಿ) ಹಾಕಿ ಅಳೆದಾಗ ಎಲ್ಲ ಕಡೆ 2–3 ಮಿ.ಮೀ. ಇದ್ದು, ಒಂದೇ ಜಾಗದಲ್ಲಿ ಕಿರಿದಾಗಿ 8–10 ಮಿ.ಮೀ. ಇಳಿದರೆ ಉದ್ದಕ್ಕೆ ಬಿರುಕು ಬಿಟ್ಟಿರುವ ಸಾಧ್ಯತೆ ಹೆಚ್ಚು. ಅಂಥ ಬೇರು ಉಳಿಯುವುದಿಲ್ಲ. ಆಗ ಕೀಳಿಸಿ ಅಂದವರ ಮಾತೇ ಸರಿ.

ಉತ್ತರ (ತುಮಕೂರು): ಹೌದು, ಇದನ್ನು ನಾನು ಮೊದಲೇ ಹೇಳಬೇಕಿತ್ತು. ಅಳತೆ ಎರಡು ನಿಮಿಷದ ಕೆಲಸ.

ಪ್ರಶ್ನೆ (ಕೊರಟಗೆರೆ, ಹೊಸ ದಂತವೈದ್ಯೆ): ಸರ್, ಮೈಕ್ರೋಸ್ಕೋಪ್ ಇಲ್ಲ, ಲೂಪ್ಸ್ (ಕಣ್ಣಿಗೆ ಹಾಕುವ ಭೂತಗನ್ನಡಿ) ಮಾತ್ರ ಇದೆ. ಎಂಬಿ ಟು ಹುಡುಕುವಾಗ ಹಲ್ಲಿನೊಳಗಿನ ತಳ ತೂತಾಗುವ ಭಯ.

ಉತ್ತರ (ತುಮಕೂರು): ಭಯ ಇರುವುದು ಒಳ್ಳೆಯದೇ ಅಮ್ಮ. ತ್ರಿಕೋನದ ಆ್ಯಕ್ಸೆಸ್ (ಒಳಹೋಗಲು ಕೊರೆಯುವ ದಾರಿ) ಬಿಟ್ಟು, ಮುಂದಕ್ಕೆ ಹಿಗ್ಗಿಸಿ ವಜ್ರಾಕಾರ ಮಾಡಿಕೊಳ್ಳಿ. ಎಂಬಿ ಒನ್‌ನಿಂದ ಅಂಗುಳಿನ ಕೆನಾಲ್‌ಗೆ ಮನಸ್ಸಿನಲ್ಲೇ ಒಂದು ಗೆರೆ ಎಳೆಯಿರಿ. ಎಂಬಿ ಟು ಬಾಯಿ ಸಾಮಾನ್ಯವಾಗಿ ಎಂಬಿ ಒನ್‌ನಿಂದ ಅಂಗುಳಿನ ಕಡೆಗೆ 2 ಮಿ.ಮೀ. ಆಸುಪಾಸಿನಲ್ಲಿ, ಆ ಗೆರೆಯ ಮೇಲೆ ಅಥವಾ ಅದಕ್ಕಿಂತ ಸ್ವಲ್ಪ ಮುಂದಕ್ಕೆ ಇರುತ್ತದೆ. ಮುಂದಿನ ಗೋಡೆಯಿಂದ ಚಾಚಿದ ಡೆಂಟಿನ್ (ಎನಾಮೆಲ್ ಒಳಗಿನ ಹಲ್ಲಿನ ಪದರ) ಅದನ್ನು ಸೂರಿನ ಹಾಗೆ ಮುಚ್ಚಿರುತ್ತದೆ. ಅದನ್ನು ಅಲ್ಟ್ರಾಸಾನಿಕ್ ಟಿಪ್‌ನಿಂದ (ಕಂಪಿಸುವ ಸಣ್ಣ ಮೊನೆ) ಸ್ವಲ್ಪ ಸ್ವಲ್ಪವೇ, ಮುಂದಿನ ಗೋಡೆಯ ಕಡೆಗೇ ಕೆರೆಯಿರಿ. ಹಿಂದಕ್ಕೆ ಹೋದರೆ ಬೇರು ಕವಲೊಡೆಯುವ ಜಾಗ, ತೂತಾಗುವುದು ಅಲ್ಲೇ. ತಳ ಕಪ್ಪು ಬೂದು, ಗೋಡೆ ತಿಳಿ ಬಣ್ಣ. ಎರಡೂ ಸೇರುವ ಗೆರೆಯಲ್ಲೇ ಬಾಯಿ ಸಿಗುತ್ತದೆ. ಹೈಪೋಕ್ಲೋರೈಟ್ (ಕೆನಾಲ್ ತೊಳೆಯುವ ಔಷಧದ ನೀರು) ತುಂಬಿ ಸುಮ್ಮನೆ ನೋಡಿ, ತಿರುಳು ಉಳಿದಿರುವ ಕಡೆಯಿಂದ ಸಣ್ಣ ಗುಳ್ಳೆಗಳು ಏಳುತ್ತವೆ. 8 ಅಥವಾ 10ನೇ ಕೆ ಫೈಲ್ ತುದಿ ಸಿಕ್ಕಿಕೊಂಡರೆ ಸಿಕ್ಕಿತು. 2–3 ಮಿ.ಮೀ. ಕೆರೆದರೂ ಸಿಗದಿದ್ದರೆ ನಿಲ್ಲಿಸಿ, ಸಿಟಿ ತೆಗೆಸಿ, ಮೈಕ್ರೋಸ್ಕೋಪ್ ಇರುವಲ್ಲಿಗೆ ಕಳಿಸಿ. ಕಳಿಸುವುದರಲ್ಲಿ ಅವಮಾನ ಏನೂ ಇಲ್ಲ.

ಪ್ರಶ್ನೆ (ಶಿರಾ): ಸಾರ್, ಅಳತೆ ಸರಿ ಇದ್ರೆ ಮತ್ತೆ ಮಾಡಿಸುವಾಗ ಏನು ಗಮನಿಸಬೇಕು?

ಉತ್ತರ (ತುಮಕೂರು): ರಬ್ಬರ್ ಡ್ಯಾಮ್ ಹಾಕುತ್ತಾರಾ ಎಂದು ಕೇಳಿ. ಇದು 1864ರಿಂದ ಇರುವ ವಿಧಾನ. ರಬ್ಬರ್ ಹಾಳೆಯಿಂದ ಆ ಒಂದು ಹಲ್ಲನ್ನು ಮಾತ್ರ ಹೊರಗೆ ಬಿಟ್ಟು ಉಳಿದ ಬಾಯಿ ಮುಚ್ಚುವುದು. ಅದಿಲ್ಲದೆ ತೊಳೆದರೆ ಎಂಜಲೇ ಬ್ಯಾಕ್ಟೀರಿಯಾವನ್ನು ಒಳಗೆ ತರುತ್ತದೆ. ಹಳೆಯ ಗಟ್ಟಾಪರ್ಚಾ ತೆಗೆದು, ಅಪೆಕ್ಸ್ ಲೊಕೇಟರ್ ಎಂಬ ವಿದ್ಯುತ್ ಉಪಕರಣದಿಂದ ಕೆನಾಲಿನ ಉದ್ದ ಅಳೆಯಬೇಕು. ಕೆನಾಲ್ ಬಾಯಿ ತೆರೆಯುವುದು ಬೇರಿನ ತುತ್ತತುದಿಯಲ್ಲೇ ಎಂದಿಲ್ಲ, ಪಕ್ಕಕ್ಕೂ ಇರಬಹುದು. ಎಕ್ಸ್‌ರೇ ಒಂದನ್ನೇ ನಂಬಿದರೆ ಉದ್ದ ತಪ್ಪುತ್ತದೆ. ತೊಳೆಯಲು 2.5ರಿಂದ 5.25 ಶೇಕಡಾ ಹೈಪೋಕ್ಲೋರೈಟ್, ಪಕ್ಕದಲ್ಲಿ ತೂತಿರುವ 30 ಗೇಜ್ ಸೂಜಿಯಿಂದ, ಒತ್ತದೆ. ಕೊನೆಗೆ ಗೋಡೆಗೆ ಅಂಟಿದ ಹಲ್ಲಿನ ಪುಡಿ ಕರಗಿಸುವ 17 ಶೇಕಡಾ ಇಡಿಟಿಎ ದ್ರಾವಣ ಒಂದು ನಿಮಿಷ. ಹೈಪೋಕ್ಲೋರೈಟ್ ಜೊತೆ ಕ್ಲೋರ್‌ಹೆಕ್ಸಿಡಿನ್ (ಇನ್ನೊಂದು ರೋಗಾಣುನಾಶಕ) ಸೇರಿದರೆ ಕಂದು ಬಣ್ಣದ ಗಸಿ ಕಟ್ಟಿ ಕೆನಾಲನ್ನೇ ಮುಚ್ಚುತ್ತದೆ, ಎರಡನ್ನೂ ಒಟ್ಟಿಗೆ ಬಳಸಬಾರದು. ಕೀವಿರುವುದರಿಂದ ಒಂದೆರಡು ವಾರ ಕೆನಾಲೊಳಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ರೋಗಾಣುನಾಶಕ ಲೇಪ ಇಟ್ಟು, ಗುಳ್ಳೆ ಮುಚ್ಚಿದ ಮೇಲೆ ತುಂಬುವುದು ನನಗೆ ಸರಿ ಕಾಣುತ್ತದೆ. ಹೀಗೆ ಮಾಡಿಯೂ ಬೇರಿನ ತುದಿಯಲ್ಲಿ ಸೋಂಕು ಹೋಗದಿದ್ದರೆ ಆ 3 ಮಿ.ಮೀ. ಕತ್ತರಿಸಿ, ತುದಿಯ ಕಡೆಯಿಂದ ಮುಚ್ಚುವ ಶಸ್ತ್ರಚಿಕಿತ್ಸೆ ಇದೆ. ಖರ್ಚಿನ ಚಿಂತೆಯಿದ್ದರೆ ದಂತ ವೈದ್ಯಕೀಯ ಕಾಲೇಜಿನ ಎಂಡೋಡಾಂಟಿಕ್ಸ್ (ಬೇರು ಚಿಕಿತ್ಸೆ) ವಿಭಾಗದಲ್ಲಿ ವಿಚಾರಿಸಿ.

ಪ್ರಶ್ನೆ (ತಿಪಟೂರು): ಡಾಕ್ಟ್ರೇ, ನನ್ನದು ಕೆಳಗಿನ ದವಡೆ ಹಲ್ಲು. ರೂಟ್ ಕೆನಾಲ್ ಆಗಿ ಆರು ತಿಂಗಳು, ನೋವಿಲ್ಲ ಅಂತ ಕ್ಯಾಪ್ ಹಾಕಿಸಿಲ್ಲ. ತಾತ್ಕಾಲಿಕ ಸಿಮೆಂಟ್ ಅರ್ಧ ಉದುರಿದೆ. ಕೊಬ್ಬರಿ, ಅಡಿಕೆ ಎಲ್ಲ ಅದೇ ಕಡೆ ಅಗಿಯೋದು.

ಉತ್ತರ (ತುಮಕೂರು): ಈ ವಾರವೇ ಹೋಗಿ. ತಾತ್ಕಾಲಿಕ ಸಿಮೆಂಟ್ ಕನಿಷ್ಠ 3.5 ಮಿ.ಮೀ. ದಪ್ಪವಿದ್ದರೆ ಕೆಲವು ವಾರ ತಡೆಯುತ್ತದೆ, ತಿಂಗಳುಗಟ್ಟಲೆ ಅಲ್ಲ. ಎಂಜಲು ಮೇಲಿನಿಂದ ಇಳಿದು, ಚೆನ್ನಾಗಿ ತುಂಬಿದ ಕೆನಾಲನ್ನೂ ಕೆಡಿಸುತ್ತದೆ. ಇಷ್ಟು ದಿನ ತೆರೆದಿದ್ದುದರಿಂದ ಒಳಗಿನದನ್ನು ಮತ್ತೆ ಮಾಡಬೇಕಾಗಬಹುದು, ಎಕ್ಸ್‌ರೇ ನೋಡಿ ಹೇಳುತ್ತಾರೆ. ಕ್ಯಾಪ್ ಹಿಡಿಯಲು ಒಸಡಿನ ಮೇಲೆ ಸುತ್ತ 2 ಮಿ.ಮೀ. ಗಟ್ಟಿ ಹಲ್ಲು ಬೇಕು. ಅಡಿಕೆಗೆ ಹಲ್ಲು ಸೀಳಿದರೆ ಆ 2 ಮಿ.ಮೀ.ಯೂ ಹೋಗುತ್ತದೆ. ಅಲ್ಲಿಯವರೆಗೆ ಇನ್ನೊಂದು ಕಡೆ ಅಗಿಯಿರಿ.

ಪ್ರಶ್ನೆ (ಪಾವಗಡ): ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಹಲ್ಲೆಲ್ಲ ಕಂದು. ಇಂಥ ಹಲ್ಲಿಗೆ ರೂಟ್ ಕೆನಾಲ್ ನಿಲ್ಲಲ್ಲ ಅಂತಾರೆ, ನಿಜವೇ?

ಉತ್ತರ (ತುಮಕೂರು): ಹಾಗೆ ಹೇಳುವುದು ಸರಿಯಲ್ಲ. ಕಂದು ಕಲೆ ಇದೆ ಎಂದು ಹಲ್ಲು ಬಿಟ್ಟುಕೊಡಬೇಕಿಲ್ಲ. ತೊಂದರೆ ಇರುವುದು ಮೇಲ್ಮುಚ್ಚಳದಲ್ಲಿ: ಫ್ಲೋರೋಸಿಸ್ ಆದ (ಫ್ಲೋರೈಡ್‌ನಿಂದ ಕೆಟ್ಟ) ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಸವೆಯುವುದಿಲ್ಲ, ಹಾಗಾಗಿ ಕಾಂಪೊಸಿಟ್ (ಹಲ್ಲಿನ ಬಣ್ಣದ ತುಂಬುವಸ್ತು) ಸರಿಯಾಗಿ ಅಂಟದೆ ಅಂಚಿನಲ್ಲಿ ಸೋರುತ್ತದೆ. ಮೇಲ್ಪದರ ತುಸು ಉಜ್ಜಿ, ಎಚಿಂಗ್ (ಅಂಟಲು ಆಮ್ಲ ಹಚ್ಚಿ ಒರಟು ಮಾಡುವುದು) ಹೊತ್ತು ಹೆಚ್ಚಿಸಬೇಕು. ದವಡೆ ಹಲ್ಲಾದರೆ ತಡಮಾಡದೆ ಕ್ಯಾಪ್.

ಪ್ರಶ್ನೆ (ಶಿರಾ): ಸಾರ್, ಇವತ್ತು ಅಳತೆ ಮಾಡಿಸಿದೆವು, ಎಲ್ಲ ಕಡೆ 3 ಮಿ.ಮೀ. ಒಳಗೇ ಇದೆ. ಕಡ್ಡಿ ಹಾಕಿ ತೆಗೆದ ಎಕ್ಸ್‌ರೇಯಲ್ಲಿ ಅದು ಮುಂದಿನ ಬೇರಿಗೇ ಹೋಗಿದೆ.

ಉತ್ತರ (ತುಮಕೂರು): ಒಳ್ಳೆಯದು, ಹಾಗಾದರೆ ಹಲ್ಲು ಉಳಿಸಲು ಯತ್ನಿಸಬಹುದು. ಆ ಎಕ್ಸ್‌ರೇ, ಎರಡು ವರ್ಷದ ಹಿಂದಿನದು, ಎರಡನ್ನೂ ಜೋಪಾನವಾಗಿಡಿ. ಮರುಚಿಕಿತ್ಸೆ ಆದ ಮೇಲೆ ಆರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಕ್ಸ್‌ರೇ ತೆಗೆದು ಇವುಗಳ ಪಕ್ಕ ಇಟ್ಟು ನೋಡಬೇಕು. ಮೂಳೆಯ ಕಪ್ಪು ಕಲೆ ಚಿಕ್ಕದಾಗುತ್ತಿದ್ದರೆ ವಾಸಿಯಾಗುತ್ತಿದೆ ಎಂದರ್ಥ. ಪೂರ್ತಿ ತುಂಬಲು ಕೆಲವರಲ್ಲಿ ನಾಲ್ಕು ವರ್ಷವೂ ಹಿಡಿಯುತ್ತದೆ.