ಅಪ್‌ಡೇಟ್: ಪಿಕಪ್‌ನ ಹಿಂದಿನ ಸದ್ದು ಕೊನೆಗೂ ಸಿಕ್ಕಿತು

ಅಡಿಕೆ ಹೇರಿಕೊಂಡು ಶಿರಸಿ–ಕುಮಟಾ ಓಡುವ ನನ್ನ ಪಿಕಪ್‌ನ ಹಿಂದಿನಿಂದ ಗುಂಯ್ ಅಂತ ಸದ್ದು ಬರುತ್ತಿದೆ, ಏನಿರಬಹುದು ಎಂದು ಇಲ್ಲಿ ಹಿಂದೆ ಕೇಳಿದ್ದೆನಲ್ಲ? ಹೆಚ್ಚಿನವರು ಚಕ್ರದ ಬೇರಿಂಗ್ ಅಂದಿರಿ, ಕೆಲವರು ಯೂನಿವರ್ಸಲ್ ಜಾಯಿಂಟ್ (ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್‌ನ ಕೀಲು) ಅಂದಿರಿ. ಎರಡೂ ಅಲ್ಲ.

ಸುಳಿವು ಕೊಟ್ಟಿದ್ದು ದಾರಿಯಲ್ಲಿನ ದೇವಿಮನೆ ಘಟ್ಟ. ಅಷ್ಟು ತಿರುವುಗಳಲ್ಲಿ ಎಡಕ್ಕೆ, ಬಲಕ್ಕೆ ಎತ್ತ ತಿರುಗಿಸಿದರೂ ಸದ್ದು ಹಾಗೇ ಇತ್ತು. ಚಕ್ರದ ಬೇರಿಂಗ್ ಆಗಿದ್ದರೆ ಭಾರ ವಾಲಿದಂತೆ ಸಾಮಾನ್ಯವಾಗಿ ಬದಲಾಗಬೇಕಿತ್ತು. ಯೂನಿವರ್ಸಲ್ ಜಾಯಿಂಟ್ ಹೋಗಿದ್ದರೆ ಕೇಳುವಂತೆ ಕ್ಲಚ್ ಬಿಡುವಾಗ ಟಕ್ ಎನ್ನುವುದೂ ಇಲ್ಲ. ಆದರೆ ಇಳಿಜಾರಿನಲ್ಲಿ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟರೆ ಜಾಸ್ತಿ, ಒತ್ತಿದರೆ ಕಮ್ಮಿ. ಅದನ್ನು ಕೇಳಿದ್ದೇ ಮೆಕ್ಯಾನಿಕ್ ಡಿಫರೆನ್ಷಿಯಲ್‌ನ (ಹಿಂದಿನ ಆಕ್ಸಲ್ ನಡುವೆ ಇದ್ದು ಎರಡೂ ಚಕ್ರ ತಿರುಗಿಸುವ ಗೇರುಗಳ ಗೂಡು) ಎಣ್ಣೆ ಇಳಿಸಿದರು. ಹಾಲು ಹಾಕಿದ ಚಾದಂತೆ ಬಂತು!

ನೀರು ಸೇರಿತ್ತು. ಓಡಿ ಬಿಸಿಯಾದ ಆಕ್ಸಲ್ ಮಳೆಗಾಲದಲ್ಲಿ ಹಳ್ಳದ ನೀರಿಗೆ ಇಳಿದರೆ ಒಳಗಿನ ಗಾಳಿ ಒಮ್ಮೆಲೇ ತಣಿದು ಕುಗ್ಗುತ್ತದೆ. ಬ್ರೀದರ್‌ನಿಂದ (ಆಕ್ಸಲ್ ಮೇಲಿನ ಗಾಳಿ ಕಿಂಡಿ) ಗಾಳಿ ಬರಬೇಕು, ಅದರಲ್ಲಿ ಕೆಸರು ಕೂತಿತ್ತು. ಹಾಗಾಗಿ ಎಣ್ಣೆ ತಡೆಯುವ ಸೀಲ್ ಸಂದಿಯಿಂದ ನೀರು ಎಳೆದುಕೊಂಡಿದೆ. ಪಿನಿಯನ್‌ನ (ಶಾಫ್ಟ್ ತಿರುಗಿಸುವ ಚಿಕ್ಕ ಗೇರ್) ಬೇರಿಂಗ್ ತುಕ್ಕು ಹಿಡಿದು ಗುಳಿ ಬಿದ್ದಿತ್ತು, ಸದ್ದು ಅದರದೇ. ನಮ್ಮ ಕಡೆ ಮಳೆಗೆ ಇದೇನು ಹೊಸದಲ್ಲ ಬಿಡಿ.

ಪುಣ್ಯಕ್ಕೆ ಪಿನಿಯನ್ ಮತ್ತು ಅದು ತಿರುಗಿಸುವ ದೊಡ್ಡ ಗೇರ್ ಕ್ರೌನ್, ಎರಡರ ಹಲ್ಲುಗಳೂ ಚೆನ್ನಾಗಿದ್ದವು. ಎರಡೂ ಪಿನಿಯನ್ ಬೇರಿಂಗ್, ಸೀಲ್, ಒಳಗಿನ ಕ್ರಷ್ ಸ್ಪೇಸರ್ (ಬೇರಿಂಗ್‌ಗಳ ನಡುವೆ ಅಮುಕಿ ಬಿಗಿ ಕೂರಿಸುವ ಕೊಳವೆ) ಹೊಸದು ಹಾಕಿಸಿದೆ. ಹಳೇ ಸ್ಪೇಸರ್ ಮತ್ತೆ ಹಾಕಬೇಡಿ, ಒಮ್ಮೆ ಅಮುಕಿದ ಮೇಲೆ ಬಿಗಿ ಸರಿಯಾಗಿ ಕೂರುವುದಿಲ್ಲ. ಬ್ರೀದರ್‌ಗೆ ಉದ್ದದ ಪೈಪ್ ಸಿಕ್ಕಿಸಿ ಚಾಸಿಯ ಮೇಲಕ್ಕೆ ಎತ್ತಿಸಿದ್ದೇನೆ. ಈಗ ಕೇಳಿಸುವುದು ಡಾಲಾ (ಸಾಮಾನು ಹೇರುವ ತೊಟ್ಟಿ) ಬಾಗಿಲಿನ ಗಡಗಡ ಮಾತ್ರ, ಅದಕ್ಕೆ ರಬ್ಬರ್ ತುಂಡು ಸಾಕು.