ಪದಚರ್ಚೆ: ರೂಮಿನೇಶನ್‌ಗೆ ‘ಮೆಲುಕು’ ಅನ್ನಬಹುದೇ? ‘ಹಳಹಳಿ’ ನಿಮ್ಮ ಕಡೆ ಇದೆಯೇ?

ಗೆಳೆಯರೇ,

ಒಂದು ಪದಕ್ಕಾಗಿ ಮೂರು ವಾರದಿಂದ ಒದ್ದಾಡುತ್ತಿದ್ದೇನೆ. ನಿಮ್ಮ ನಿಮ್ಮ ಊರಿನ ಮಾತು ನನಗೆ ಬೇಕಾಗಿದೆ.

ಆಶಾ ಕಾರ್ಯಕರ್ತೆಯರಿಗಾಗಿ ಒಂದು ಕಿರುಹೊತ್ತಗೆ ಬರೆಯಲು ನಾವು ನಾಲ್ಕು ಜನ ಕೂತಿದ್ದೇವೆ. ವಿಷಯ ಆತಂಕ, ಖಿನ್ನತೆ, ಸಾಯುವ ಯೋಚನೆ. ಮನಸ್ಸಿನ ಯಾವ ಅಭ್ಯಾಸಗಳು ಮನುಷ್ಯನನ್ನು ಇವುಗಳ ಕಡೆ ಎಳೆಯುತ್ತವೆ ಅನ್ನುವುದೇ ಅದರ ಮುಖ್ಯ ಭಾಗ. ಅಲ್ಲಿ ಮೊದಲಿಗೇ ಎದುರಾದ ಪದ ರೂಮಿನೇಶನ್. ಆಗಿಹೋದದ್ದನ್ನು, ತನ್ನ ತಪ್ಪನ್ನು, ತನ್ನ ನೋವನ್ನು ಬಿಡದೆ ತಲೆಯಲ್ಲಿ ತಿರುಗಿಸುತ್ತಾ ಕೂರುವುದು. ಲ್ಯಾಟಿನ್ನಿನಲ್ಲಿ ಅದರ ಮೂಲ ಅರ್ಥ ದನ ಮೆಲುಕು ಹಾಕುವುದು. ನಾನು ಹೆಚ್ಚು ಯೋಚಿಸದೆ ‘ಮೆಲುಕು’ ಅಂತಲೇ ಬರೆದುಬಿಟ್ಟೆ.

ಕರಡನ್ನು ನಮ್ಮ ಬೀದಿಯ ಒಬ್ಬ ಅಜ್ಜಿಗೆ ಓದಿ ಹೇಳಿದೆ. “ಹಳೇದನ್ನೆಲ್ಲ ಮೆಲುಕು ಹಾಕ್ತಾ ಇರ್ತೀರಾ ಅಜ್ಜಿ?” ಅಂತ ಕೇಳಿದೆ. “ಹೂಂ ಕಣಪ್ಪಾ, ದಿನಾ ರಾತ್ರಿ. ತವರುಮನೆ ಹಬ್ಬ, ನಮ್ಮಪ್ಪನ ಜೊತೆ ಸಂತೆಗೆ ಹೋಗ್ತಿದ್ದದ್ದು” ಅಂದರು. ಹೇಳುತ್ತಾ ಹೇಳುತ್ತಾ ಅವರ ಮುಖ ಅರಳಿತು. ನಾನು ಕಾಯಿಲೆಯ ಗುರುತು ಕೇಳಿದ್ದೆ, ಅವರು ಸುಖದ ಗುರುತು ಕೊಟ್ಟರು. ತಪ್ಪು ಅಜ್ಜಿಯದಲ್ಲ, ಪದದ್ದು.

ಕನ್ನಡದಲ್ಲಿ ಮೆಲುಕು ಹಾಕುವುದು ಹೊಟ್ಟೆ ತುಂಬಿದ ಹಸು ನೆರಳಲ್ಲಿ ಮಲಗಿ ಮಾಡುವ ಕೆಲಸ. ನಿಧಾನದ್ದು, ನೆಮ್ಮದಿಯದ್ದು. ತಿಂದದ್ದು ಅದರಿಂದ ಅರಗುತ್ತದೆ. ನಾವು ಮೆಲುಕು ಹಾಕುವುದೂ ಸವಿನೆನಪುಗಳನ್ನೇ ಅಲ್ವಾ? ಮನಶ್ಶಾಸ್ತ್ರದವರು ಹೇಳುವುದು ಎಷ್ಟು ಅಗಿದರೂ ಅರಗದ ವಸ್ತುವಿನ ಬಗ್ಗೆ.

ಇದರ ಮೇಲೆ ಜಾಸ್ತಿ ಕೆಲಸ ಮಾಡಿದವರು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ. 1989ರ ಅಕ್ಟೋಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ದೊಡ್ಡ ಭೂಕಂಪ ಆಯಿತು. ಅದಕ್ಕೆ ಎರಡು ವಾರ ಮೊದಲು ಅವರು ಸ್ಟ್ಯಾನ್‌ಫರ್ಡ್‌ನ ವಿದ್ಯಾರ್ಥಿಗಳಿಗೆ, ಬೇಸರವಾದಾಗ ನೀವು ಏನು ಮಾಡುತ್ತೀರಿ ಅಂತ ಪ್ರಶ್ನೆಪಟ್ಟಿ ಕೊಟ್ಟಿದ್ದರು. ಭೂಕಂಪದ ನಂತರ ಅದೇ ಹುಡುಗರನ್ನು ಮತ್ತೆ ಕೇಳಿದರು. ಒಂದೇ ವಿಷಯವನ್ನು ಸುತ್ತುವ ಅಭ್ಯಾಸ ಮೊದಲೇ ಇದ್ದವರಲ್ಲಿ ಖಿನ್ನತೆ ಹೆಚ್ಚಾಗಿತ್ತು. ಏಳು ವಾರ ಕಳೆದರೂ ಹಾಗೇ ಇತ್ತು. 2003ರಲ್ಲಿ ಅವರೂ ಜೊತೆಗಾರರೂ ಈ ಅಭ್ಯಾಸದೊಳಗೇ ಎರಡು ಎಳೆ ಬಿಡಿಸಿ ತೋರಿಸಿದರು. ಒಂದು, ‘ನನಗೇ ಯಾಕೆ ಹೀಗೆ’ ಅಂತ ಕುದಿಯುವುದು. ಇನ್ನೊಂದು, ‘ಯಾಕೆ ಹೀಗಾಯಿತು, ಏನು ಮಾಡಬಹುದು’ ಅಂತ ಕೂತು ನೋಡುವುದು. ಮುಂದಕ್ಕೆ ಖಿನ್ನತೆಯನ್ನು ಬೆಳೆಸುವುದು ಮೊದಲನೆಯದು.

ಇದನ್ನು ಓದಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮಲ್ಲಿ ಈ ಜೋಡಿ ಮೊದಲಿಂದಲೂ ಇದೆ: ಚಿಂತೆ ಮತ್ತು ಚಿಂತನೆ. ಬೇರು ಒಂದೇ, ಬಾಳು ಬೇರೆ. ಚಿಂತನೆ ಮಾಡುವವರನ್ನು ಸಭೆಗೆ ಕರೆಯುತ್ತೇವೆ. ಚಿಂತೆ ಮಾಡುವವರಿಗೆ ನಿದ್ದೆ ಬರುವುದಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುವ ಗಾದೆಯೇ ಇದೆಯಲ್ಲ.

ಆದರೆ ರೂಮಿನೇಶನ್‌ಗೆ ಚಿಂತೆ ಅನ್ನಲೂ ಮನಸ್ಸು ಒಪ್ಪುತ್ತಿಲ್ಲ. ಚಿಂತೆ ಹೆಚ್ಚಾಗಿ ಮುಂದಿನದರ ಬಗ್ಗೆ. ಮಗಳ ಮದುವೆ, ಬಾರದ ಮಳೆ, ತೀರದ ಸಾಲ. ಅದು ಆತಂಕಕ್ಕೆ ಹತ್ತಿರ. ಹಿಂದಿನದರ ಬಗ್ಗೆ ಆದರೆ ನಾವು ಕೊರಗು ಅನ್ನುತ್ತೇವೆ, ಅದು ಖಿನ್ನತೆಗೆ ಹತ್ತಿರ. ಕೊರಗು ಒಳ್ಳೆಯ ಪದ. ಅದರಲ್ಲಿ ದುಃಖ ಇದೆ, ಆದರೆ ಸುತ್ತು ಇಲ್ಲ. ಉತ್ತರ ಕರ್ನಾಟಕದ ಗೆಳತಿಯೊಬ್ಬಳು ‘ಹಳಹಳಿ’ ಅಂದಳು. “ಅದನ್ನ ಹಳಹಳಿಸ್ಕೋತ ಕುಂತಾಳ” ಅಂತ ಅವಳ ತಾಯಿ ಹೇಳುತ್ತಾರಂತೆ. ಹಳಹಳಿ ಅಂದಾಗಲೇ ಬಾಯಲ್ಲಿ ಒಂದು ಸುತ್ತು ಬರುತ್ತದೆ. ನನಗೆ ತುಂಬ ಹಿಡಿಸಿತು. ಮೈಸೂರು ಕಡೆ, ಕರಾವಳಿಯಲ್ಲಿ, ಮಲೆನಾಡಿನಲ್ಲಿ ಇದು ಅರ್ಥವಾಗುತ್ತದೆಯೇ? ಆಗದಿದ್ದರೆ ಇನ್ನೊಂದು ದಾರಿ ಯೋಚಿಸಿದ್ದೇನೆ: ‘ಯೋಚನೆಯ ಗಾಣ’. ಗಾಣದೆತ್ತು ದಿನವಿಡೀ ನಡೆದರೂ ಇದ್ದಲ್ಲೇ ಇರುತ್ತದೆ. ಹಸು ಬಿಟ್ಟು ಎತ್ತು ಹಿಡಿದ ಹಾಗಾಯಿತು, ಆದರೆ ಅರ್ಥಕ್ಕೆ ಈ ಎತ್ತೇ ಸರಿ ಅನ್ನಿಸುತ್ತದೆ.

ಎರಡನೆಯ ತೊಡಕು ಹೋಪ್‌ಲೆಸ್‌ನೆಸ್, ಅಂದರೆ ಮುಂದೆ ಏನೂ ಒಳ್ಳೆಯದಾಗುವುದಿಲ್ಲ ಅನ್ನುವ ಭಾವ. ಅಮೆರಿಕದ ಮನೋವೈದ್ಯ ಆರನ್ ಬೆಕ್ 1974ರಲ್ಲಿ ಇದನ್ನು ಅಳೆಯಲು 20 ವಾಕ್ಯಗಳ ಪಟ್ಟಿ ಮಾಡಿದರು. ಸಾಯುವ ಯೋಚನೆ ಇದ್ದು ಆಸ್ಪತ್ರೆ ಸೇರಿದ್ದ 207 ಜನರನ್ನು ಅವರ ತಂಡ ಹಲವು ವರ್ಷ ಗಮನಿಸಿ 1985ರಲ್ಲಿ ಬರೆಯಿತು. ಮುಂದೆ ಯಾರ ಜೀವಕ್ಕೆ ಅಪಾಯ ಅನ್ನುವುದನ್ನು ಖಿನ್ನತೆ ಎಷ್ಟಿದೆ ಅನ್ನುವುದಕ್ಕಿಂತ ಈ ಒಂದು ಭಾವ ಚೆನ್ನಾಗಿ ಸೂಚಿಸಿತ್ತು. ಅಷ್ಟು ಮುಖ್ಯವಾದ ಪದಕ್ಕೆ ನಮ್ಮ ಅನುವಾದಗಳಲ್ಲಿ ನಿರಾಶೆ ಅಂತಲೋ ಹತಾಶೆ ಅಂತಲೋ ಇರುತ್ತದೆ. ನಿರಾಶೆ ಚಿಕ್ಕದು, ಬಸ್ಸು ತಪ್ಪಿದರೂ ಆಗುತ್ತದೆ. ಹತಾಶೆ ಅಂದರೆ ಆಸೆ ಸತ್ತದ್ದು ಅಂತ ಮೂಲ ಅರ್ಥ ಸರಿಯಾಗೇ ಇದೆ. ಆದರೆ ಇವತ್ತು ಸೋತ ತಂಡ ‘ಹತಾಶೆಯಿಂದ’ ಕೂಗಾಡುತ್ತದೆ. ಅದರೊಳಗೆ ಸಿಟ್ಟು ಸೇರಿಬಿಟ್ಟಿದೆ. ಜನ ಆಡುವುದು ಬೇರೆಯೇ: “ಮುಂದೆ ಏನೂ ಕಾಣ್ತಿಲ್ಲ”, “ದಿಕ್ಕೇ ತೋಚ್ತಿಲ್ಲ”. ನಾಮಪದವೇ ಬೇಡ, ಈ ವಾಕ್ಯವನ್ನೇ ಹಾಕೋಣ ಅನ್ನುವುದು ನನ್ನ ವಾದ. ಜೊತೆಯವರು ಒಪ್ಪಿಲ್ಲ.

ನಾನು ಎಲ್ಲರಿಗೂ ಹೊರೆ ಅನ್ನುವ ಭಾವಕ್ಕೆ ಮಾತ್ರ ನಾನು ಪದ ಹುಡುಕಲೇ ಬೇಕಾಗಲಿಲ್ಲ, ‘ಭಾರ’ ಇದ್ದೇ ಇತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಜಾಯ್ನರ್ 2005ರಲ್ಲಿ ಬರೆದದ್ದು ಇಷ್ಟು: ನನಗೆ ನನ್ನವರು ಅಂತ ಯಾರೂ ಇಲ್ಲ, ನನ್ನಿಂದ ಎಲ್ಲರಿಗೂ ಭಾರ, ಈ ಎರಡೂ ಸೇರಿದಾಗ ಸಾಯುವ ಆಸೆ ಹುಟ್ಟುತ್ತದೆ. ನಮ್ಮ ಗಾದೆ ‘ಭೂಮಿಗೆ ಭಾರ, ಕೂಳಿಗೆ ದಂಡ’. ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ, ಕೆಲಸ ಹೋಗಿ ಮನೆಯಲ್ಲಿ ಕೂತ ಗಂಡಸಿಗೆ ಸುಮ್ನೆ ಬಾಯಿಗೆ ಬಂತು ಅಂತ ಅಂದುಬಿಡುತ್ತೇವೆ. ಕೇಳಿದವರ ಮನಸ್ಸಿನಲ್ಲಿ ಅದು ಸುಮ್ನೆ ಇರುವುದಿಲ್ಲ. ಕಿರುಹೊತ್ತಗೆಯಲ್ಲಿ ಈ ಗಾದೆಯನ್ನು ಹಾಕಿ, ಈ ಮಾತು ಆಡಬೇಡಿ ಅಂತ ಬರೆಯಬೇಕೆಂದಿದ್ದೇನೆ.

ಕೊನೆಗೆ ಒಂದು ಕ್ರಿಯಾಪದದ ವಿಷಯ. ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿಯಲ್ಲಿ ಕೊನೆಯದು, ಕಳೆದ ಎರಡು ವಾರದಲ್ಲಿ ಸತ್ತರೇ ಮೇಲು ಅನ್ನುವ ಯೋಚನೆ ಬಂದಿದೆಯೇ ಅನ್ನುವುದು. ಒಬ್ಬರು ಅದನ್ನು “ಸಾಯುವ ಯೋಚನೆ ಮಾಡಿದ್ದೀರಾ?” ಅಂತ ಬರೆದರು. ನಾನು ತಿದ್ದಿದೆ. ‘ಮಾಡಿದ್ದೀರಾ’ ಅಂದರೆ ಪೊಲೀಸರು ಕೇಳಿದ ಹಾಗಿರುತ್ತದೆ. ಕನ್ನಡದಲ್ಲಿ ಯೋಚನೆ ತಾನೇ ಬರುತ್ತದೆ, ಬೇಜಾರು ತಾನೇ ಆಗುತ್ತದೆ, ಸಾಕು ಅಂತ ನಮಗೆ ಅನ್ನಿಸುತ್ತದೆ. “ಇದೆಲ್ಲ ಸಾಕು, ಸತ್ತುಹೋದರೆ ಮೇಲು ಅಂತ ಅನ್ನಿಸುತ್ತಾ?” ಅಂತ ಕೇಳಿದರೆ ಎದುರಿನವರು ತಪ್ಪಿತಸ್ಥರಾಗುವುದಿಲ್ಲ. ಹೀಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವ ಭಯವೂ ಬೇಡ. ಎಷ್ಟೋ ಜನಕ್ಕೆ ಅದು ಹೇಳಿಕೊಳ್ಳಲು ಸಿಕ್ಕ ಮೊದಲ ಅವಕಾಶ.

ಹೊತ್ತಗೆಯ ಹಿಂಬದಿಯಲ್ಲಿ ಟೆಲಿ ಮಾನಸ್ ಸಹಾಯವಾಣಿ 14416 ಹಾಕಿದ್ದೇವೆ. 2022ರಲ್ಲಿ ಶುರುವಾದದ್ದು, ಕನ್ನಡದಲ್ಲೂ ಮಾತಾಡುತ್ತಾರೆ, ದುಡ್ಡಿಲ್ಲ. ಫೋನ್ ಎತ್ತಿಕೊಂಡವರಿಗೆ ಮೊದಲ ವಾಕ್ಯವೇ ಬಾಯಿಗೆ ಬರುವುದಿಲ್ಲ. ಅದರ ಪಕ್ಕದಲ್ಲೇ ಅಂಥ ಐದಾರು ವಾಕ್ಯ ಅಚ್ಚು ಹಾಕಬೇಕು. ಮನಸ್ಸು ಸರಿಯಿಲ್ಲ ಅನ್ನುವುದನ್ನು ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಹೇಗೆ ಹೇಳುತ್ತಾರೆ? ಯಾವ ಜಿಲ್ಲೆ ಅಂತಲೂ ಬರೆಯಿರಿ. ಹಳಹಳಿಯ ಬಗ್ಗೆ ಮಾತ್ರ ಈ ಭಾನುವಾರದೊಳಗೆ ತಿಳಿಸಿದರೆ ಉಪಕಾರ, ಆ ಪುಟ ಮೊದಲು ಅಚ್ಚಿಗೆ ಹೋಗುತ್ತದೆ.