ಸಹಾಯ ಬೇಕು: ಲಸಿಕೆ ಕಾರ್ಡ್ ಇಲ್ಲದ ಮಕ್ಕಳನ್ನು ಲೆಕ್ಕಕ್ಕೆ ಹೇಗೆ ತಗೊಳ್ಳೋದು?

ನಮಸ್ಕಾರ. ಕೊಡಗಿನ ಸಿದ್ದಾಪುರ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಗಂಟಲಮಾರಿ ಲಸಿಕೆ ಬಗ್ಗೆ ಸರ್ವೆ ಮಾಡುತ್ತಿದ್ದೇನೆ. ಅಸ್ಸಾಂನಿಂದ ಬಂದ ಎಷ್ಟೋ ಮನೆಗಳಲ್ಲಿ ಕಾರ್ಡ್ ಊರಲ್ಲೇ ಉಳಿದಿದೆ. ತಾಯಂದಿರು ಮಗುವಿನ ತೊಡೆ ತೋರಿಸಿ "ಸೂಜಿ ಆಗಿದೆ" ಅಂತಾರೆ. 6, 10, 14 ವಾರಕ್ಕೆ ಹಾಕೋ ಪೆಂಟಾ (ಗಂಟಲಮಾರಿ ಸೇರಿ ಐದು ರೋಗಕ್ಕೆ ಒಂದೇ ಲಸಿಕೆ) ಮೂರೂ ಆಯ್ತಾ, ಒಂದೇನಾ, ಗೊತ್ತಾಗಲ್ಲ. ಎಡತೋಳಿನ ಬಿಸಿಜಿ (ಕ್ಷಯದ ಲಸಿಕೆ) ಕಲೆ ನೋಡಿದರೂ ಪೆಂಟಾ ವಿಷಯ ತಿಳಿಯಲ್ಲ ಅಲ್ವಾ? ಆಶಾ ಅಕ್ಕನ ರಿಜಿಸ್ಟರ್‌ನಲ್ಲಿ ಇಲ್ಲಿ ಹಾಕಿಸಿದ್ದು ಮಾತ್ರ ಇದೆ. ಊರಿಂದ ವಾಟ್ಸಾಪ್‌ನಲ್ಲಿ ಕಾರ್ಡ್ ಫೋಟೋ ತರಿಸಿದೆ, ಒಂದರಲ್ಲಿ ದಿನಾಂಕದ ಮೇಲೆಲ್ಲ ಎಣ್ಣೆ ಕಲೆ!

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕಾರ್ಡ್ ಇಲ್ಲದಿದ್ದರೆ ತಾಯಿಯ ಮಾತನ್ನೇ ತಗೊಳ್ಳುತ್ತಾರೆ. ನಮ್ಮ ಗೈಡ್ ಅಂಥವರನ್ನು ಬಿಟ್ಟುಬಿಡು ಅಂತಾರೆ. ಬಿಟ್ಟರೆ ಲಸಿಕೆ ತಪ್ಪಿದ ಮಕ್ಕಳೇ ಜಾಸ್ತಿ ಹೊರಗುಳಿಯಬಹುದು.

ಇಂಥ ಸರ್ವೆ ಮಾಡಿದವರು ಹೇಳಿ: ತಾಯಿಯ ಮಾತನ್ನು ಕಾರ್ಡ್ ಜೊತೆ ಸೇರಿಸಬೇಕಾ, ಬೇರೆ ಕಾಲಂನಲ್ಲಿ ತೋರಿಸಬೇಕಾ?